ನಡುವಿನವನ ಪಾಡು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ನಾಲ್ಕು ಊರುಗಳ ಇಪ್ಪತ್ತು ಮಂದಿ ಸೇರಿ ನಡೆಸುವ ಓದಿನ ಕೂಟವೊಂದುಂಟು. ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಸರದಿಯ ಮೇಲೆ ಒಂದೊಂದೂರಿನಲ್ಲಿ ಕಲೆಯುತ್ತೇವೆ. ಓದುವುದು ಬುದ್ಧನನ್ನೂ ಬೌದ್ಧಮತವನ್ನೂ ಕುರಿತ ಗ್ರಂಥಗಳನ್ನು. ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಲೆಕ್ಕಪತ್ರವಿಲ್ಲ; ಕಾಫಿಯ ಖರ್ಚು ಆಯಾ ಊರಿನವರದು. ಆದರೂ ಮಾತು ಎಲ್ಲೆ ಮೀರದಂತೆ ನೋಡಿಕೊಳ್ಳಲು ಒಬ್ಬ ಬೇಕಲ್ಲವೆ? ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ಗದ್ದಲ ಅಡಗಿಸುವ ವಿದ್ಯೆ ನನಗೆ ಬಲ್ಲುದೆಂದು ಉಳಿದವರು ಊಹಿಸಿದರು. ನಾನೂ ಹಾಗೆಯೇ ನಂಬಿ ಆ ಜಾಗದಲ್ಲಿ ಕುಳಿತೆ. ಆ ನಂಬಿಕೆ ಹೊಳೆನರಸೀಪುರದಲ್ಲಿ ಒಂದು ಸಂಜೆ ಹೇಗೆ ಮುರಿಯಿತೆಂಬುದನ್ನೂ, ಮುರಿದ ಮೇಲೆ ನಾನು ಎಲ್ಲೆಲ್ಲಿ ಅಲೆದೆನೆಂಬುದನ್ನೂ ವಾಚಕರ ಮುಂದಿಡುವುದಕ್ಕೆ ಸಂಕೋಚವೇನೋ ಇದೆ. ಆದರೆ ಸಭೆಗಳಲ್ಲಿ ನಡುವೆ ಕೂರಬೇಕಾಗಿ ಬರುವ ಅಧ್ಯಾಪಕರು ನಮ್ಮಲ್ಲಿ ಬಹಳ ಮಂದಿ; ಅವರಿಗಾದರೂ ಇದರಿಂದ ಉಪಯೋಗವಾದೀತು.

ಅಂದು ಓದಿಗಿದ್ದುದು ಸಿದ್ಧಾರ್ಥನ ಮಹಾಭಿನಿಷ್ಕ್ರಮಣ. ಅಶ್ವಘೋಷನ ಬುದ್ಧಚರಿತದಿಂದ ಹಿಡಿದು ನಮ್ಮ ಪ್ರಾಥಮಿಕ ಶಾಲೆಯ ಪಠ್ಯಪುಸ್ತಕದವರೆಗೆ ಎಲ್ಲರಿಗೂ ತಿಳಿದ ಕಥೆ: ಮುದುಕ, ರೋಗಿ, ಹೆಣ, ಸಂನ್ಯಾಸಿ – ಈ ನಾಲ್ಕು ದೃಶ್ಯಗಳನ್ನು ಕಂಡು ರಾಜಕುಮಾರನಿಗೆ ವೈರಾಗ್ಯ ಹುಟ್ಟಿತು. ಅದರ ಜೊತೆಗೆ ಡಾ. ಅಂಬೇಡ್ಕರ್ ಅವರ ‘ಬುದ್ಧ ಮತ್ತು ಆತನ ಧಮ್ಮ’ವನ್ನೂ ಇಟ್ಟುಕೊಂಡಿದ್ದೆವು. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ, ಅಚ್ಚಾದ ಗ್ರಂಥ ಅದು. ಅದರಲ್ಲಿ ನಾಲ್ಕು ದೃಶ್ಯಗಳಿಗೆ ಎಡೆಯಿಲ್ಲ. ಶಾಕ್ಯರಿಗೂ ಕೋಲಿಯರಿಗೂ ನಡುವೆ ಹರಿಯುವ ರೋಹಿಣೀ ನದಿಯ ನೀರಿಗಾಗಿ ಜಗಳ ಹುಟ್ಟುತ್ತದೆ. ಯುದ್ಧವೇ ಆಗಲೆಂದು ಶಾಕ್ಯಸಂಘ ಬಹುಮತದಿಂದ ನಿರ್ಣಯಿಸುತ್ತದೆ. ಒಪ್ಪದ ಸಿದ್ಧಾರ್ಥ ದೇಶ ಬಿಟ್ಟು ಹೊರಡಲು ತಾನೇ ಮುಂದಾಗುತ್ತಾನೆ. ಹೇಮಾವತಿಯ ದಂಡೆಯ ಊರಿನಲ್ಲಿ ಕುಳಿತು, ನಾಲೆಯ ನೀರಿನ ಸರದಿಗಾಗಿ ಅಣ್ಣತಮ್ಮಂದಿರೇ ಕೈಕೈ ಮಿಲಾಯಿಸಿದ್ದನ್ನು ಕಂಡವರು ಇದನ್ನು ಓದುವಾಗ ಮೈ ಜುಮ್ಮೆನ್ನುವುದು ಸಹಜ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ನಮ್ಮ ಕಡೆ ನೀರೂ ಹೆಚ್ಚಿತು, ನೀರಿನ ವ್ಯಾಜ್ಯವೂ ಹೆಚ್ಚಿತು.

ವಾದಕ್ಕೆ ನಿಂತವರಿಬ್ಬರು. ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು. ಪ್ರೌಢಶಾಲೆಯಲ್ಲಿ ನನಗೆ ಹಳಗನ್ನಡ ಕಲಿಸಿದವರು, ನನ್ನ ಪಾಲಿಗೆ ಇಂದಿಗೂ ಮೇಷ್ಟ್ರು. ಇನ್ನೊಬ್ಬ ಅರಕಲಗೂಡು ತಾಲ್ಲೂಕಿನ ಹಳ್ಳಿಯ ಹುಡುಗ, ಪದವಿ ತರಗತಿಯಲ್ಲಿದ್ದಾನೆ. ಅವನ ಮನೆಯ ನಡುಮನೆಯಲ್ಲಿ ಬುದ್ಧನ ಪಟವೂ ಅಂಬೇಡ್ಕರರ ಪಟವೂ ಅಕ್ಕಪಕ್ಕದಲ್ಲಿವೆ.

“ರೋಹಿಣಿಯ ಕಥೆ ಕಟ್ಟಿದ್ದಪ್ಪ, ಇತಿಹಾಸ ಅಲ್ಲ” ಎಂದರು ಮೇಷ್ಟ್ರು.

“ನಾಲ್ಕು ದೃಶ್ಯ ಮಾತ್ರ ಇತಿಹಾಸವಾ ಮೇಷ್ಟ್ರೇ? ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನ್ನೂ ನೋಡದೆ ಯಾರಾದರೂ ಬೆಳೀತಾರಾ?” ಎಂದ ಹುಡುಗ. ಪ್ರಶ್ನೆ ಅಂಬೇಡ್ಕರರದೇ, ಆದರೆ ಅವನು ಅದನ್ನು ತನ್ನದನ್ನಾಗಿ ಮಾಡಿಕೊಂಡು ಕೇಳಿದ.

“ಹಾಗಾದ್ರೆ ನಿಮ್ಮೋರು ಬರೆದದ್ದೇ ವೇದವೋ?”

ಹುಡುಗನ ದನಿ ಏರಿತು. ನಾನು ಕೈಯೆತ್ತಿ, “ಕೂತ್ಕೋಪ್ಪ, ಹಿರಿಯರ ಮುಂದೆ ದನಿ ಏರಿಸಬಾರದು” ಎಂದೆ. ಅವನು ಕುಳಿತ. ಕಾಫಿಯ ಹೊತ್ತಿಗೆ ಅವನ ಕುರ್ಚಿ ಖಾಲಿಯಾಗಿತ್ತು.

ಕೂಟದ ಮಾತುಗಳನ್ನು ಚನ್ನರಾಯಪಟ್ಟಣದ ಉಪಾಧ್ಯಾಯಿನಿಯೊಬ್ಬರು ನೋಟ್‌ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಂದು ಎಲ್ಲರೂ ಹೊರಟ ಮೇಲೆ ಅವರು ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟು ಏನೂ ಹೇಳದೆ ನಿಂತರು. ‘ನಿಮ್ಮೋರು’ ಎಂಬ ಪದದ ಕೆಳಗೆ ಗೆರೆ ಎಳೆದಿತ್ತು. ಅದರ ಮುಂದೆ: ‘ಮಧ್ಯಸ್ಥರು ತಡೆಯಲಿಲ್ಲ.’ ಮುಂದಿನ ಸಾಲು: ‘ಮಧ್ಯಸ್ಥರು ತಡೆದರು.’ ಎರಡು ಸಾಲುಗಳಲ್ಲಿ ನನ್ನ ನ್ಯಾಯದ ಚರಿತ್ರೆಯೆಲ್ಲ ಮುಗಿದಿತ್ತು.

ಮನೆಗೆ ಬಂದು ಪುಸ್ತಕಗಳನ್ನು ತೆರೆದೆ. ತಪ್ಪು ಮಾಡಿದ ಮೇಷ್ಟ್ರುಗಳೆಲ್ಲ ಮೊದಲು ಮಾಡುವ ಕೆಲಸ ಅದೇ ಎಂದು ತೋರುತ್ತದೆ. ಮೊದಲಿಗೆ ಕಂಡದ್ದು, ವಿಷಯದಲ್ಲಿಯೂ ನಾನು ಹುಡುಗನಿಗೆ ಅನ್ಯಾಯ ಮಾಡಿದ್ದೆನೆಂಬುದು. ಹಳೆಯ ಪಾಲಿ ಸುತ್ತಗಳಲ್ಲಿ ನಾಲ್ಕು ದೃಶ್ಯಗಳು ಬರುವುದೇನೋ ನಿಜ. ಆದರೆ ದೀಘನಿಕಾಯದ ಮಹಾಪದಾನ ಸುತ್ತದಲ್ಲಿ ಅವು ಗೌತಮನ ಅನುಭವವಾಗಿ ಬರುವುದಿಲ್ಲ, ಬಹು ಹಿಂದಿನ ವಿಪಸ್ಸೀ ಬುದ್ಧನ ಕಥೆಯಾಗಿ ಬರುತ್ತವೆ. ಮಜ್ಝಿಮನಿಕಾಯದ ಅರಿಯಪರಿಯೇಸನ ಸುತ್ತದಲ್ಲಿ ಗೌತಮನೇ ತನ್ನ ಗೃಹತ್ಯಾಗವನ್ನು ಹೇಳಿಕೊಳ್ಳುವಾಗ ನಡುರಾತ್ರಿಯ ಪಲಾಯನವಿಲ್ಲ, ಕುದುರೆಯಿಲ್ಲ. ತಂದೆತಾಯಿಗಳು ಅಳುತ್ತಿರುವಂತೆಯೇ ತಲೆ ಬೋಳಿಸಿಕೊಂಡು ಹೊರಟನೆಂದಿದೆ. ಸುತ್ತನಿಪಾತದ ಅತ್ತದಂಡ ಸುತ್ತದಲ್ಲಿ, ನೀರು ಬತ್ತಿದ ಮಡುವಿನ ಮೀನುಗಳಂತೆ ಜನ ಒಬ್ಬರೊಡನೊಬ್ಬರು ಹೆಣಗುವುದನ್ನು ಕಂಡು ಭಯ ಹುಟ್ಟಿತೆಂಬ ಮಾತಿದೆ. ಧರ್ಮಾನಂದ ಕೋಸಂಬಿಯವರು ಇದನ್ನೇ ಹಿಡಿದು ಗೃಹತ್ಯಾಗದ ಕಾರಣವನ್ನು ಶಾಕ್ಯ-ಕೋಲಿಯರ ಕಲಹದ ಕಡೆಗೆ ತಿರುಗಿಸಿದರು. ಮೇಷ್ಟ್ರ ಪಕ್ಷದಲ್ಲಿಯೂ ಹುರುಳಿಲ್ಲದಿಲ್ಲ: ರೋಹಿಣಿಯ ಜಗಳ ಪಾಲಿ ಅಟ್ಟಕಥೆಗಳಲ್ಲಿ ಬರುವುದು ಬುದ್ಧತ್ವ ಪಡೆದ ಅನಂತರ, ಬುದ್ಧನೇ ನಡುವೆ ನಿಂತು ನಂಟರನ್ನು ಸಮಾಧಾನಪಡಿಸಿದ ಪ್ರಸಂಗವಾಗಿ. ಅಂತೂ ಇಬ್ಬರಿಗೂ ಹೇಳುವುದಕ್ಕೆ ಬೇಕಾದಷ್ಟಿತ್ತು. ಹೇಳಿಸಬೇಕಾದವನು ನಾನು, ಬಾಯಿ ಮುಚ್ಚಿಸಿ ಕುಳಿತೆ.

ಹೀಗೆ ನಡುವೆ ನಿಂತು ಸೋತವರು ಯಾರಾದರೂ ಉಂಟೆ ಎಂದು ಹುಡುಕಿದರೆ, ವಿನಯಪಿಟಕದಲ್ಲಿ ಸಾಕ್ಷಾತ್ ಬುದ್ಧನೇ ಸಿಕ್ಕಿದ! ಕೌಶಾಂಬಿಯ ಭಿಕ್ಷುಗಳ ಜಗಳವದು. ಶೌಚಗೃಹದ ಪಾತ್ರೆಯಲ್ಲಿ ಒಬ್ಬ ಭಿಕ್ಷು ನೀರನ್ನು ಉಳಿಸಿಬಿಟ್ಟನೆಂಬುದು ಅದರ ಮೂಲವೆಂದು ಅಟ್ಟಕಥೆ ಹೇಳುತ್ತದೆ. ಒಬ್ಬ ಧರ್ಮವನ್ನು ಬೋಧಿಸುವವನು, ಒಬ್ಬ ವಿನಯವನ್ನು ಬಲ್ಲವನು. ಒಬ್ಬೊಬ್ಬರ ಹಿಂದೆಯೂ ಶಿಷ್ಯರ ಪಡೆ. ಬುದ್ಧ ಬಂದು ಬೇಡವೆಂದ. “ತಾವು ಸುಖವಾಗಿರಿ, ಈ ಜಗಳವನ್ನು ನಾವೇ ನೋಡಿಕೊಳ್ಳುತ್ತೇವೆ” ಎಂಬ ಅರ್ಥದ ಉತ್ತರ ಬಂತು. ಮತ್ತೆ ಹೇಳಿದ, ಮತ್ತೆ ಅದೇ ಉತ್ತರ. ಕೊನೆಗೆ ಪಾತ್ರೆ ಚೀವರಗಳನ್ನೆತ್ತಿಕೊಂಡು ಕಾಡಿಗೆ ಹೊರಟುಹೋದ. ಅಲ್ಲಿ ಅವನಿಗೆ ಜೊತೆ ಹಿಂಡಿನ ಕಾಟ ತಾಳದೆ ಬಂದ ಒಂದು ಆನೆ. ಜಗಳ ಮುಗಿದದ್ದು ಉಪದೇಶದಿಂದಲ್ಲ. ಊರವರು ಭಿಕ್ಷೆ ನಿಲ್ಲಿಸಿದ್ದರಿಂದ. ಈ ಪ್ರಸಂಗವನ್ನು ಅಳಿಸಿಹಾಕದೆ ಉಳಿಸಿಕೊಂಡ ಸಂಘದ ಪ್ರಾಮಾಣಿಕತೆ ದೊಡ್ಡದು.

ಅದೇ ವಿನಯದಲ್ಲಿ ವಿವಾದಗಳನ್ನು ಶಮನಗೊಳಿಸುವ ಏಳು ಕ್ರಮಗಳಿವೆ. ಏಳನ್ನೂ ಇಲ್ಲಿ ವಿವರಿಸಲಾರೆ, ಮೂರು ಸಾಕು. ಒಂದು, ಸಮ್ಮುಖಾ ವಿನಯ: ಯಾರ ವಿಷಯವೋ ಅವರ ಎದುರಿನಲ್ಲಿಯೇ ತೀರ್ಮಾನವಾಗಬೇಕು. ಇನ್ನೊಂದು, ಬಹುಮತದ ಕ್ರಮ: ಕಡ್ಡಿಗಳನ್ನು, ಎಂದರೆ ಶಲಾಕೆಗಳನ್ನು, ಹಂಚಿ ಮತ ಎಣಿಸುವುದು. ಹಂಚುವವನಿಗೆ ಶಲಾಕಾಗ್ರಾಹಕನೆಂದು ಹೆಸರು. ಅವನು ಪಕ್ಷಪಾತ, ದ್ವೇಷ, ಮೋಹ, ಭಯಗಳಿಗೆ ಒಳಗಾಗದವನಾಗಿರಬೇಕು. ಯಾವುದು ತೆಗೆದುಕೊಂಡದ್ದು, ಯಾವುದು ತೆಗೆದುಕೊಳ್ಳದ್ದು ಎಂಬುದನ್ನು ಬಲ್ಲವನಾಗಿರಬೇಕು. ಮತವನ್ನು ಗುಟ್ಟಾಗಿ, ಕಿವಿಯಲ್ಲಿ, ಬಹಿರಂಗವಾಗಿ – ಮೂರು ಬಗೆಯಲ್ಲಿ ಪಡೆಯಬಹುದು. (ಅಧರ್ಮದ ಪಕ್ಷಕ್ಕೆ ಬಹುಮತ ಬಂದರೆ ಸರಿಯಾಗಿ ಹಂಚಲಿಲ್ಲವೆಂದು ಹೇಳಿ ಮತ್ತೆ ಹಂಚಬೇಕೆಂಬ ವಿಧಿಯೂ ಇದೆ! ನಮ್ಮ ಚುನಾವಣೆಯ ಅಧಿಕಾರಿಗಳ ಕಣ್ಣಿಗೆ ಇದು ಬೀಳದಿರಲಿ.) 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು, ಸಭೆ ನಡೆಸುವ ನಿಯಮಗಳು ನಮಗೆ ಹೊಸವಲ್ಲ, ಬೌದ್ಧ ಸಂಘಗಳಲ್ಲಿಯೇ ಇದ್ದವು ಎಂದು ನೆನಪಿಸಿದ್ದು ಇಂಥವನ್ನೇ. ಮೂರನೆಯದರ ಹೆಸರು ತಿಣವತ್ಥಾರಕ, ಹುಲ್ಲು ಮುಚ್ಚುವುದು. ಕೆದಕಿದಷ್ಟೂ ನಾತ ಹೆಚ್ಚುವಂಥ ಜಗಳವಾದರೆ ಎರಡು ಪಕ್ಷದವರೂ ಒಟ್ಟಿಗೆ ತಪ್ಪೊಪ್ಪಿಕೊಂಡು, ವಿವರಕ್ಕೆ ಇಳಿಯದೆ, ಅದರ ಮೇಲೆ ಹುಲ್ಲು ಹೊದಿಸಿಬಿಡುವುದು. ಓದಿದಾಗ ನನಗೆ ಬಲು ಹಿತವಾದದ್ದು ಇದೇ. ಮೇಷ್ಟ್ರನ್ನು ನೋಯಿಸಬೇಕಾಗಿಲ್ಲ, ಹುಡುಗನನ್ನು ಕರೆತರಬಹುದು!

ಆ ವಾರವೇ ಅವನೂರಿಗೆ ಹೋದೆ. ಅವರಪ್ಪ ಆಲೂಗಡ್ಡೆ ಕೀಳಿಸುತ್ತಿದ್ದವರು ಕೈ ತೊಳೆದುಕೊಂಡು ಬಂದು, “ಬನ್ನಿ ಸಾ, ಕೂತ್ಕಳಿ” ಎಂದು ಜಗುಲಿಯ ಮೇಲೆ ಚಾಪೆ ಹಾಸಿದರು. ಹುಲ್ಲು ಹೊದಿಸುವ ವಿಧಿಯನ್ನು ನಾನು ರಸವತ್ತಾಗಿಯೇ ವರ್ಣಿಸಿದೆ. ಹುಡುಗ ಕೊನೆಯವರೆಗೆ ಕೇಳಿ, “ನೀವು ನನ್ನ ತಡೆದದ್ದಕ್ಕೆ ನಂಗೆ ಬೇಜಾರಿಲ್ಲ ಸಾರ್. ಆ ಮಾತು ಕೇಳಿಸ್ಕೊಂಡು ಸುಮ್ನಿದ್ರಲ್ಲ, ಅದು. ಮ್ಯಾಲೆ ಹುಲ್ಲು ಹಾಕಿದ್ರೆ ಕೆಳಗಿಂದು ಹಂಗೇ ಇರ್ತದಲ್ಲ?” ಎಂದ. ಆ ಪ್ರಶ್ನೆಗೆ ಅಟ್ಟಕಥೆಗಳಲ್ಲಿ ಉತ್ತರವಿದ್ದರೆ ನನಗೆ ಸಿಕ್ಕಿಲ್ಲ.

ಹಿಂದಿರುಗುವ ದಾರಿಯಲ್ಲಿ ರಾಮನಾಥಪುರದ ನಮ್ಮ ಸದಸ್ಯರೊಬ್ಬರು ಜೊತೆಯಾದರು. ಹೊಗೆಸೊಪ್ಪಿನ ಬೆಳೆಗಾರರು, ಮಾತು ಕಡಮೆ. “ಬೈಲಕುಪ್ಪೆಗೆ ಬನ್ನಿ ಸಾರ್, ಜಗಳ ಆಡೋದು ಹೇಗೆ ಅಂತ ತೋರಿಸ್ತೀನಿ” ಎಂದರು. ಕೊಣನೂರಿನ ದಾರಿಯಾಗಿ ಹೋದೆವು.

ಟಿಬೆಟನ್ನರಿಗೆ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ನೆಲೆ ಕೊಟ್ಟದ್ದು 1960ರಲ್ಲಿ. ಲಾಸಾದ ಬಳಿ 1419ರಲ್ಲಿ ಸ್ಥಾಪಿತವಾದ ಸೆರಾ ವಿಹಾರ 1970ರಲ್ಲಿ ಇಲ್ಲಿ ಮರುಹುಟ್ಟು ಪಡೆಯಿತು. ಸ್ವರ್ಣಮಂದಿರವನ್ನು ನೋಡಿಬರುವ ಪ್ರವಾಸಿಗರು ಬಹಳ. ಸೆರಾದ ವಾದದ ಅಂಗಳವನ್ನು ನೋಡಿದವರು ಕಡಮೆ. ಸಂಜೆಯ ಹೊತ್ತು ನೂರಾರು ಭಿಕ್ಷುಗಳು ಜೋಡಿಜೋಡಿಯಾಗಿ ಹರಡಿಕೊಂಡಿದ್ದರು. ಒಬ್ಬ ಕುಳಿತಿದ್ದಾನೆ, ಒಬ್ಬ ನಿಂತಿದ್ದಾನೆ. ನಿಂತವನು ಪ್ರಶ್ನಿಸುವವನು. ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂದು ಮೊದಲು ಮಾಡಿ, ಪ್ರಶ್ನೆ ಮುಗಿಯುತ್ತಲೇ ಎಡಗಾಲನ್ನು ನೆಲಕ್ಕೆ ಬಡಿದು, ಅಂಗೈಗೆ ಅಂಗೈ ಚಟಾರೆಂದು ಹೊಡೆಯುತ್ತಾನೆ. ದೂರದಿಂದ ನೋಡಿದರೆ ಹೊಡೆದಾಟವೇ ಸರಿ. ಕುಳಿತವನು ಮಾತ್ರ ಅಲುಗುವುದಿಲ್ಲ. ಅವನ ಉತ್ತರಗಳು ಎಣಿಸಿದಂತಿವೆ: ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’. ನಮ್ಮ ನ್ಯಾಯಶಾಸ್ತ್ರದ ಪರಿಭಾಷೆಯನ್ನು ಓದಿದವರಿಗೆ ಮೈ ನವಿರೇಳುವ ಗಳಿಗೆ ಅದು. ಹೇತು, ವ್ಯಾಪ್ತಿ, ಅಸಿದ್ಧಿ – ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಪದಗಳು ಇಲ್ಲಿ ಟಿಬೆಟನ್ ಉಡುಪು ತೊಟ್ಟು ಹದಿನಾರು ವರ್ಷದ ಹುಡುಗರ ಬಾಯಲ್ಲಿ ಕುಣಿಯುತ್ತಿವೆ. ಅವರ ಪಠ್ಯಗಳಲ್ಲಿ ಧರ್ಮಕೀರ್ತಿಯ ಪ್ರಮಾಣವಾರ್ತಿಕ ಒಂದು, ವಸುಬಂಧುವಿನ ಅಭಿಧರ್ಮಕೋಶ ಒಂದು, ಚಂದ್ರಕೀರ್ತಿಯ ಮಧ್ಯಮಕಾವತಾರ ಒಂದು. ಬಹುಕಾಲ ಗಂಡಸರದೇ ಆಗಿದ್ದ ಈ ವಿದ್ಯೆಯ ಗೆಶೆ ಪದವಿಯನ್ನು 2016ರಲ್ಲಿ ಇಪ್ಪತ್ತು ಮಂದಿ ಭಿಕ್ಷುಣಿಯರೂ ಪಡೆದರು, ನಮ್ಮ ಮುಂಡಗೋಡಿನಲ್ಲಿಯೇ.

ಅಂಗಳದ ಅಂಚಿನಲ್ಲಿ ಒಬ್ಬ ಗಂಭೀರ ಭಿಕ್ಷು ಸುಮ್ಮನೆ ಅಡ್ಡಾಡುತ್ತಿದ್ದರು. ಅವರು ‘ಗೆಕೊ’, ಶಿಸ್ತಿನ ಅಧಿಕಾರಿ. ನಮ್ಮೊಡನಿದ್ದ, ಕನ್ನಡವನ್ನು ಸೊಗಸಾಗಿ ಆಡುವ ಹಿರಿಯ ಭಿಕ್ಷುವನ್ನು ಕೇಳಿದೆ: “ಯಾರು ಗೆದ್ದರು ಅಂತ ಅವರು ಹೇಳ್ತಾರಾ?” ಅವರಿಗೆ ನಗು ಬಂತು. “ಅದು ಅವರ ಕೆಲಸ ಅಲ್ಲ. ಕುಳಿತವನು ತನ್ನ ಮಾತಿಗೆ ತಾನೇ ವಿರುದ್ಧ ಹೇಳಿದರೆ ನಿಂತವನು ಕೂಗ್ತಾನೆ, ಸುತ್ತ ಇರೋರಿಗೂ ಗೊತ್ತಾಗತ್ತೆ. ಗೆಕೊ ನೋಡೋದು ಬೇರೆ.” ಏನು ಬೇರೆ? “ಕೂಗೋದು ಪರವಾಗಿಲ್ಲ. ಮನುಷ್ಯನನ್ನ ಬಯ್ದರೆ ಬರ್ತಾರೆ.”

ಕೂಗುವುದು ಪರವಾಗಿಲ್ಲ! ನಾನು ತಡೆದಿದ್ದು ಕೂಗನ್ನೇ ಅಲ್ಲವೆ?

ಧರ್ಮಕೀರ್ತಿಯ ಹೆಸರು ಕೇಳಿದೊಡನೆ ಹಾಸನ ಜಿಲ್ಲೆಯವನಿಗೆ ಇನ್ನೊಂದು ಹೆಸರು ನೆನಪಾಗಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಜೈನ ವಾದಿಗಳ ದಿಗ್ವಿಜಯವನ್ನು ಅಷ್ಟು ಉತ್ಸಾಹದಿಂದ ಸಾರುವ ಶಾಸನ ಮತ್ತೊಂದಿರಲಾರದು. ಅದರಲ್ಲಿ ಅಕಲಂಕ ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಸೋಲಿಸಿದ ವೃತ್ತಾಂತವುಂಟು. ಬೌದ್ಧರ ಕಡೆಗೆ ತಾರಾದೇವಿ ಗಡಿಗೆಯೊಳಗೆ ಅಡಗಿ ಕುಳಿತು ಉತ್ತರ ಹೇಳುತ್ತಿದ್ದಳಂತೆ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳೀ ಕಥೆಯ ಹೊತ್ತಿಗೆ ಪಣ ಇನ್ನೂ ಭೀಕರವಾಗಿದೆ: ಸೋತವರನ್ನು ಗಾಣಕ್ಕೆ ಹಾಕಬೇಕು! ಅಕಲಂಕನೇ ಅಡ್ಡಬಂದು ಅವರನ್ನು ಸಿಂಹಳದ್ವೀಪಕ್ಕೆ ಕಳುಹಿಸಿದನೆಂದು ಕಥೆ. ಕಥೆಗಿಂತ ನನಗೆ ಮುಖ್ಯವಾದದ್ದು ಅಕಲಂಕನ ಶಾಸ್ತ್ರ. ವಾದದಲ್ಲಿ ಹೇಳಬೇಕಾದ್ದನ್ನು ಬಿಟ್ಟರೂ ಬೇಡದ್ದನ್ನು ಸೇರಿಸಿದರೂ ಸೋಲೇ ಎಂದು ಧರ್ಮಕೀರ್ತಿ ಬಿಗಿಯಾಗಿ ಕಟ್ಟಿದ್ದ. ಅಕಲಂಕ ಒಪ್ಪಲಿಲ್ಲ: ತನ್ನ ಪಕ್ಷವನ್ನು ಸಿದ್ಧಪಡಿಸಿದವನೇ ಗೆದ್ದವನು; ಒಂದು ಮಾತು ಹೆಚ್ಚಾಯಿತೆಂದು ಅವನನ್ನು ಸೋತವನೆನ್ನಲಾಗದು. ಹುಡುಗನ ದನಿ ಏರಿದ್ದು ಹೆಚ್ಚಿನ ಮಾತೆಂದೇ ಇಟ್ಟುಕೊಳ್ಳೋಣ. ಅಕಲಂಕನ ಸಭೆಯಲ್ಲಿ ಅವನು ಕುಳಿತುಕೊಳ್ಳಬೇಕಾಗಿರಲಿಲ್ಲ.

ಮುಂದಿನ ಕೂಟ ಚನ್ನರಾಯಪಟ್ಟಣದವರದು, ಬೆಳಗೊಳದಲ್ಲಿಯೇ ಸೇರಿದೆವು. ಹುಡುಗ ಬರಲಿಲ್ಲ. ಮೇಷ್ಟ್ರಿಗೆ ಮಂಡಿನೋವು, ಅವರೂ ಬರಲಿಲ್ಲ. ಬೆಟ್ಟ ಇಳಿದು ಭಂಡಾರಿ ಬಸದಿಗೆ ಬಂದಾಗ ಉಪಾಧ್ಯಾಯಿನಿಯವರು 1368ರ ಬುಕ್ಕರಾಯನ ಶಾಸನದ ಮುಂದೆ ನಿಂತು, “ಇದನ್ನ ಓದಿ ಸಾರ್” ಎಂದರು. ನೂರು ಸಲ ಪಾಠದಲ್ಲಿ ಹೇಳಿದ ಶಾಸನ. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ಸಂವಾದವಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದೆಡೆಗಳ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಎದುರಿಗಿಟ್ಟುಕೊಂಡು ಅರಸ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ನಮ್ಮ ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಶಾಸನ ನಿಲ್ಲುವುದಿಲ್ಲ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಹಿಂದಿನಂತೆ ಸಲ್ಲಬೇಕು. ಜೈನದರ್ಶನಕ್ಕೆ ಭಕ್ತರಿಂದ ಹಾನಿವೃದ್ಧಿಯಾದರೆ ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಬಗೆಯಬೇಕು. ಈ ಶಾಸನವನ್ನು ಬಸದಿಬಸದಿಗಳಲ್ಲಿ ವೈಷ್ಣವರೇ ನಿಲ್ಲಿಸಬೇಕು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಪಡೆದು ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತಾಳನ್ನು ಇರಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ತಿರುಮಲೆಯ ತಾತಯ್ಯನದು!

ನೋಡಿದಿರಾ ಅರಸನ ಜಾಣತನವನ್ನು? ‘ಇಬ್ಬರೂ ಸುಮ್ಮನಿರಿ’ ಎಂದು ಅವನು ಹೇಳಲಿಲ್ಲ. ಬಲ ಯಾರ ಕಡೆಗಿದೆಯೆಂದು ನೋಡಿ, ಅವರ ಹೆಗಲ ಮೇಲೆಯೇ ಕಾವಲನ್ನು ಹೊರಿಸಿದ. ಅರಸನ ರಾಜಕಾರಣ ಇದರಲ್ಲಿಲ್ಲವೆಂದಲ್ಲ. ಹೊಸ ರಾಜ್ಯಕ್ಕೆ ವರ್ತಕರಾದ ಜೈನರೂ ಬೇಕಾಗಿದ್ದರು. ಆದರೆ ಹಿರಿಯರ ಮುಂದೆ ದನಿ ಏರಿಸಿದಿರೆಂದು ಅವನು ಜೈನರನ್ನು ಗದರಲಿಲ್ಲ. ಇದೇ ಮಾತನ್ನು ಇನ್ನೊಂದು ಕಲ್ಲು ಬೇರೆ ಬಗೆಯಲ್ಲಿ ಹೇಳಿದೆ. ಭೀಮಾತೀರದ ಸನ್ನತಿಯಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದು 1989ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಲ್ಲಿ ಹನ್ನೆರಡನೆಯ ಬಂಡೆಶಾಸನದ ಭಾಗವಿದೆ. ಅನ್ಯಪಂಥದ ವಿಷಯದಲ್ಲಿ ನಾಲಗೆಗೆ ಕಾವಲಿರಲೆಂಬುದು ಆ ಶಾಸನದ ತಿರುಳು. ಅದರ ಮೇಲೆ ನೂರಾರು ವರ್ಷ ದೇವಿಯ ಭಾರ ಬಿದ್ದಿತ್ತು.

ನಾನು ಹೊಳೆನರಸೀಪುರಕ್ಕೆ ಹೋಗಿ ಮೇಷ್ಟ್ರ ಮುಂದೆ ನೋಟ್‌ ಪುಸ್ತಕವನ್ನಿಟ್ಟೆ. ಹತ್ತನೆಯ ತರಗತಿಯ ಹುಡುಗನಂತೆ ನನ್ನ ಕೈ ನಡುಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಓದಿದರು. “ಇದನ್ನ ನಾನು ಅಂದೆನೇನೋ?” “ಅಂದಿರಿ ಮೇಷ್ಟ್ರೇ.” “ಆಗಲೇ ಯಾಕೆ ಹೇಳ್ಲಿಲ್ಲ?” ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಾಫಿ ಆರಿತು.

ಅರಕಲಗೂಡಿನ ಕೂಟಕ್ಕೆ ಅವರು ಬಸ್ಸಿನಲ್ಲಿ ಬಂದರು, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಅ.ನ.ಕೃ. ಅವರ ಹೆಸರಿನ ಮೊದಲಕ್ಷರದಲ್ಲಿ ಕುಳಿತಿರುವ ಊರು ಅದು. ವಾಗ್ವಾದ ಅಲ್ಲಿನ ಗಾಳಿಯಲ್ಲಿಯೇ ಇರಬೇಕು. ಹುಡುಗನೂ ಬಂದಿದ್ದ, ಬಾಗಿಲ ಬಳಿ ಕುಳಿತಿದ್ದ. ನಾನು ಮೊದಲು ನನ್ನ ತಪ್ಪನ್ನು ಹೇಳಿದೆ. ಮೇಷ್ಟ್ರು ಎದ್ದುನಿಂತು, “ಆ ಮಾತನ್ನ ನಾನು ಆಡಬಾರದಿತ್ತು. ಹಿಂದಕ್ಕೆ ತಗೋತೀನಿ. ಆದರೆ ರೋಹಿಣಿ ವಿಷಯ ಒಪ್ಪೋದಿಲ್ಲ” ಎಂದರು.

“ಒಪ್ಪಬೇಡಿ ಮೇಷ್ಟ್ರೇ, ಕಾರಣ ಹೇಳಿ” ಎಂದ ಹುಡುಗ.

ಮೇಷ್ಟ್ರು ಅಟ್ಟಕಥೆಯಿಂದ ಮೊದಲು ಮಾಡಿದರು. ಹುಡುಗ ಅತ್ತದಂಡ ಸುತ್ತವನ್ನು ತೆಗೆದ. ಕೋಸಂಬಿಯವರನ್ನು ಅವನು ಈ ನಡುವೆ ಓದಿದ್ದ. ಮೇಷ್ಟ್ರು ವಿಪಸ್ಸಿಯ ವಿಷಯವನ್ನು ಒಪ್ಪಿಕೊಂಡು, ಅದರಿಂದ ರೋಹಿಣಿ ಸಿದ್ಧವಾಗುವುದಿಲ್ಲವೆಂದರು. ಇಬ್ಬರ ದನಿಯೂ ಏರಿತು. ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಹಾಸನದ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಉಪಾಧ್ಯಾಯಿನಿಯವರು ನೋಟ್‌ ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟು ಎದ್ದರು. ಬಾಗಿಲವರೆಗೆ ಹೋದವರು, ಹುಡುಗ ಇನ್ನೊಂದು ಪ್ರಶ್ನೆ ಎತ್ತಿದ್ದು ಕೇಳಿ, ಚೀಲವನ್ನು ಕೆಳಗಿಟ್ಟು ಮತ್ತೆ ಕುಳಿತರು.